ಲ್ಯಾಬಿನ ಬೀಗ ತೆಗೆಸೋಣ, ಕ್ಲಬ್ಬನ್ನು ಎಬ್ಬಿಸೋಣ

ಎಂಟನೇ ತರಗತಿಗೆ ಕಾಲಿಟ್ಟ ಮಗುವಿನ ಚೀಲದಿಂದ ಶಾಲೆ ತೆರೆದ ಕೆಲವೇ ದಿನಗಳಲ್ಲಿ ಒಂದು ಅರ್ಜಿ ಹೊರಬರುತ್ತದೆ. ‘ಲಿಟಲ್ ಕೈಟ್ಸ್’ ಐಟಿ ಕ್ಲಬ್ಬಿಗೆ ಸೇರಲು ಹೆತ್ತವರ ಸಹಿ ಬೇಕು. ನೀವು ಸಹಿ ಹಾಕಿ ಕೊಟ್ಟಿರುತ್ತೀರಿ. ಆಮೇಲೆ ಎಂದಾದರೂ ಮಗುವನ್ನು ಕೇಳಿದ್ದೀರಾ, ಈ ವಾರ ಕ್ಲಬ್ಬಿನಲ್ಲಿ ಏನು ಮಾಡಿದೆ ಎಂದು? ಇವತ್ತು ಸಂಜೆ ಕೇಳಿ ನೋಡಿ. “ಅನಿಮೇಶನ್ ಮಾಡ್ತಾ ಇದ್ದೇವೆ, ಇನ್ನೂ ಮುಗಿಯಲಿಲ್ಲ” ಎಂದರೆ ನಿಮ್ಮ ಶಾಲೆಯ ಕ್ಲಬ್ಬಿಗೆ ಉಸಿರಿದೆ. “ಫೋಟೊ ತೆಗೆದರು”, “ಟೀಚರಿಗೆ ಪುರುಸೊತ್ತು ಇರಲಿಲ್ಲ”, “ಲ್ಯಾಪ್‌ಟಾಪ್ ಆನ್ ಆಗುವುದಿಲ್ಲ” ಎಂಬಂಥ ಉತ್ತರ ಬಂದರೆ ಮುಂದಿನ ಮಾತುಗಳು ನಿಮಗೇ ಸೇರಿದವು.

ಈ ಕ್ಲಬ್ಬು ಸಣ್ಣ ಸಂಗತಿಯಲ್ಲ. ಕೇರಳದಲ್ಲಿ ಶಾಲೆಗಳ ಕಂಪ್ಯೂಟರ್ ಕಲಿಕೆಗೆಂದು 2001ರ ಸುಮಾರಿಗೆ ಆರಂಭವಾದ ಐಟಿ@ಸ್ಕೂಲ್ ಯೋಜನೆಯೇ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. 2018ರ ಜನವರಿಯಲ್ಲಿ ಅದು ಲಿಟಲ್ ಕೈಟ್ಸ್ ಘಟಕಗಳನ್ನು ಉದ್ಘಾಟಿಸಿತು. ಈಗ ಎರಡು ಸಾವಿರಕ್ಕೂ ಹೆಚ್ಚು ಸರಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಇದು ಇದೆ. ಎಂಟನೇ ತರಗತಿಯವರಿಗೆ ಒಂದು ಅಭಿರುಚಿ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮೂರು ವರ್ಷಗಳ ತರಬೇತಿ. ಅನಿಮೇಶನ್, ಸ್ಕ್ರಾಚ್, ಮೊಬೈಲ್ ಆ್ಯಪ್, ಪೈಥನ್, ಎಲೆಕ್ಟ್ರಾನಿಕ್ಸ್, ಸೈಬರ್ ಸುರಕ್ಷತೆ, ಭಾಷಾ ಕಂಪ್ಯೂಟಿಂಗ್, ಕೊನೆಗೆ ಶಾಲೆಯದೇ ಒಂದು ಡಿಜಿಟಲ್ ಪತ್ರಿಕೆ. ಶಾಲಾ ಶಿಬಿರದಿಂದ ಉಪಜಿಲ್ಲೆ, ಜಿಲ್ಲೆ, ರಾಜ್ಯ ಶಿಬಿರದವರೆಗೂ ಹೋಗುವ ದಾರಿ ಇದೆ. ಇದಕ್ಕೆ ಹೆತ್ತವರು ಶುಲ್ಕ ಕಟ್ಟಬೇಕಾಗಿಲ್ಲ. ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಇದೇ ಪಾಠಗಳಿಗೆ ಎಷ್ಟು ತೆಗೆದುಕೊಳ್ಳುತ್ತಾರೆಂದು ವಿಚಾರಿಸಿದರೆ ನಿಮಗೇ ಅಂದಾಜಾಗುತ್ತದೆ.

ಇಷ್ಟಿದ್ದರೂ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ಹೆತ್ತವರಲ್ಲಿ ಒಂದು ಮಾತು ಆಗಾಗ ಕೇಳುತ್ತದೆ: “ಕನ್ನಡದಲ್ಲಿ ಕಲಿತರೆ ಕಂಪ್ಯೂಟರ್ ಬರುವುದಿಲ್ಲ.” ಹೀಗೆ ಹೇಳುತ್ತಲೇ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವವರಿದ್ದಾರೆ. ಅದರ ಪರಿಣಾಮ ಶಾಲೆ ಆರಂಭವಾದ ಆರನೇ ಅಧ್ಯಯನ ದಿನ ಗೊತ್ತಾಗುತ್ತದೆ. ಆ ದಿನದ ತಲೆ ಎಣಿಕೆಯ ಮೇಲೆ ಡಿವಿಷನ್ ಎಷ್ಟು, ಅಧ್ಯಾಪಕರ ಹುದ್ದೆ ಎಷ್ಟು ಎಂಬುದು ತೀರ್ಮಾನವಾಗುತ್ತದೆ. ನಾಲ್ಕು ಮಕ್ಕಳು ಕಡಿಮೆಯಾದರೆ ಕನ್ನಡದ ಒಂದು ಡಿವಿಷನ್ನೇ ಹೋದೀತು. ಹೀಗಿರುವಾಗ ಬೀಗ ಬಿದ್ದ ಕಂಪ್ಯೂಟರ್ ಲ್ಯಾಬು ಕನ್ನಡ ಶಾಲೆಗೆ ಮಾಡುವ ಹಾನಿ ಎಷ್ಟೆಂದು ಯೋಚಿಸಿ.

ಕ್ಲಬ್ಬುಗಳು ಯಾಕೆ ಸೊರಗುತ್ತವೆ? ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಕಪಾಟಿನಲ್ಲಿ ಉಳಿದ ಲ್ಯಾಪ್‌ಟಾಪುಗಳ ಬ್ಯಾಟರಿ ಕೆಟ್ಟವು. ಆಸಕ್ತಿಯಿಂದ ನಡೆಸುತ್ತಿದ್ದ ಮಾಸ್ತರರಿಗೆ ವರ್ಗವಾಯಿತು, ಬಂದವರಿಗೆ ಕನ್ನಡ ಬಾರದು. ತರಬೇತಿಯ ಹೊತ್ತಗೆ, ವಿಡಿಯೊ, ಸೂಚನೆಗಳು ಮೊದಲು ಮಲಯಾಳದಲ್ಲಿ ಬರುತ್ತವೆ. ಮಲಯಾಳ ಮಾಧ್ಯಮದ ಮಗು ಅದನ್ನು ತಾನೇ ಓದಿಕೊಂಡು ಮುಂದೆ ಹೋಗುವಾಗ ನಮ್ಮ ಮಗು ಯಾರಾದರೂ ವಿವರಿಸಲೆಂದು ಕಾದು ಕೂರುತ್ತದೆ. ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಬೇಸರವಾದೀತು: ಗ್ರೇಸ್ ಮಾರ್ಕ್. ಎಸ್‌ಎಸ್‌ಎಲ್‌ಸಿಯಲ್ಲಿ ಸಿಗುವ ಆ ಅಂಕಗಳಿಗಾಗಿಯೇ ಮಗುವನ್ನು ಸೇರಿಸಿದ ಮನೆಗಳಲ್ಲಿ ಹಾಜರಿ ಸರಿಯಾಗಿದ್ದರೆ ಸಾಕು ಎಂಬ ಭಾವನೆ ಬೇರೂರಿದೆ. ನಾವು ಅಂಕ ಕೇಳಿದೆವು, ಶಾಲೆ ಅಂಕ ಕೊಡಿಸಿತು. ಕಲಿಕೆಯ ಬಗ್ಗೆ ಯಾರೂ ಕೇಳಲಿಲ್ಲ.

ಕನ್ನಡದಲ್ಲಿ ಸಾಮಗ್ರಿ ಮಾಡುವುದು ಆಗದ ಕೆಲಸ ಎನ್ನುವವರಿಗೆ 2020ನ್ನು ನೆನಪಿಸಬೇಕು. ಆ ವರ್ಷ ‘ಫಸ್ಟ್ ಬೆಲ್’ ಆನ್‌ಲೈನ್ ತರಗತಿಗಳು ಆರಂಭವಾದಾಗ ಕನ್ನಡ ಮಾಧ್ಯಮಕ್ಕೆಂದು ಬೇರೆಯೇ ಪಾಠಗಳನ್ನು ಚಿತ್ರೀಕರಿಸಲಾಯಿತು. ನಮ್ಮ ಜಿಲ್ಲೆಯ ಅಧ್ಯಾಪಕರೇ ಕ್ಯಾಮರಾದ ಮುಂದೆ ನಿಂತರು. ಐಟಿ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಕೊರತೆ ಇರುವುದು ಪುಸ್ತಕ ಮುಚ್ಚಿದ ಮೇಲೆ ನಡೆಯಬೇಕಾದ ಕೈಕೆಲಸದಲ್ಲಿ.

ಇಲ್ಲಿ ನಮಗೆ ಒಂದು ದೊಡ್ಡ ಅನುಕೂಲವಿದೆ. ಕೇರಳದ ಶಾಲೆಗಳಲ್ಲಿ ಬಳಸುವುದು ಸ್ವತಂತ್ರ ತಂತ್ರಾಂಶ. ಲ್ಯಾಬಿನ ಕಂಪ್ಯೂಟರುಗಳಲ್ಲಿರುವುದು ಉಬುಂಟುವನ್ನು ಆಧರಿಸಿ ಕೈಟ್ ಸಿದ್ಧಪಡಿಸಿದ ಗ್ನೂ/ಲಿನಕ್ಸ್. ಸ್ವತಂತ್ರ ತಂತ್ರಾಂಶವೆಂದರೆ ಏನೆಂದು ನಮ್ಮ ಊರಿನ ಹೆತ್ತವರಿಗೆ ವಿವರಿಸುವುದು ಸುಲಭ. ಯಕ್ಷಗಾನದ ಪ್ರಸಂಗವನ್ನು ನೆನೆಯಿರಿ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಯಾವ ಮೇಳ ಬೇಕಾದರೂ ಆಡುತ್ತದೆ. ಭಾಗವತರು ಪದ್ಯ ಬಿಡುತ್ತಾರೆ, ಸೇರಿಸುತ್ತಾರೆ, ಅರ್ಥಧಾರಿಗಳು ತಮ್ಮ ಮಾತು ಕಟ್ಟುತ್ತಾರೆ. ಕಲಿಯುವ ಹುಡುಗ ಪ್ರಸಂಗವನ್ನು ನಕಲು ಮಾಡಿಕೊಂಡರೆ ಯಾರೂ ಕೇಸು ಹಾಕುವುದಿಲ್ಲ. ಸ್ವತಂತ್ರ ತಂತ್ರಾಂಶವೂ ಹಾಗೆಯೇ. ಬಳಸಬಹುದು, ಒಳಗೇನಿದೆ ಎಂದು ಬಿಚ್ಚಿ ನೋಡಬಹುದು, ಬದಲಿಸಬಹುದು, ಹಂಚಬಹುದು. ಬದಲಿಸಬಹುದು ಎಂಬ ಹಕ್ಕಿನಲ್ಲೇ ಕನ್ನಡಕ್ಕೂ ಜಾಗ ಸಿಕ್ಕಿತು. ಒಂದು ಕಂಪನಿ ಕನ್ನಡದಿಂದ ಲಾಭವಿಲ್ಲ ಎಂದು ಸುಮ್ಮನಿದ್ದರೆ ನಾವು ಮಾಡುವಂಥದ್ದೇನಿಲ್ಲ. ಆದರೆ ಫೈರ್‌ಫಾಕ್ಸ್, ಲಿಬ್ರೆಆಫೀಸ್‌ನಂಥ ಸ್ವತಂತ್ರ ತಂತ್ರಾಂಶಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ‘ನವಿಲು’, ‘ಗುಬ್ಬಿ’ ಎಂಬ ಹೆಸರಿನ ಚಂದದ ಕನ್ನಡ ಫಾಂಟುಗಳೂ ಮುಕ್ತವಾಗಿವೆ.

ಕ್ಲಬ್ಬನ್ನು ಎಬ್ಬಿಸಲು ನನ್ನ ಪ್ರಕಾರ ಮೊದಲ ದಿನದ ಕೆಲಸ ಭಾಷಣ, ದೀಪ ಬೆಳಗುವುದು ಯಾವುದೂ ಬೇಡ. ಒಂದು ಶನಿವಾರ ಕಪಾಟಿನ ಬೀಗ ತೆಗೆದು ಎಲ್ಲ ಯಂತ್ರಗಳನ್ನೂ ಮೇಜಿನ ಮೇಲೆ ಇಡುವುದು. ಯಾವುದು ಓಡುತ್ತದೆ, ಯಾವುದಕ್ಕೆ ಚಾರ್ಜರ್ ಇಲ್ಲ, ಯಾವುದರ ಕೀಲಿಮಣೆ ಕೆಟ್ಟಿದೆ ಎಂದು ಮಕ್ಕಳೇ ಪಟ್ಟಿ ಮಾಡಲಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಮಕ್ಕಳು ಮುಟ್ಟಬಾರದು, ಅದನ್ನು ದೊಡ್ಡವರು ಬೇರೆ ಇಟ್ಟು ದುರಸ್ತಿಯವರಿಗೆ ಒಪ್ಪಿಸಬೇಕು. ಹೆತ್ತವರಲ್ಲಿ ಎಲೆಕ್ಟ್ರಿಷಿಯನ್, ಮೊಬೈಲ್ ರಿಪೇರಿಯವರು, ಗಲ್ಫಿನಿಂದ ಮರಳಿದ ಟೆಕ್ನಿಷಿಯನ್ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಕರೆಯಿರಿ. ಹಳೆಯದೆಂದು ಬದಿಗಿಟ್ಟ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕಿ, ಅದು ಮತ್ತೆ ಬೆಳಗಿದಾಗ ಎಂಟನೇ ತರಗತಿಯ ಹುಡುಗಿಯ ಮುಖ ನೋಡಬೇಕು. ಪೆನ್‌ಡ್ರೈವಿನಿಂದ ಲಿನಕ್ಸ್ ಅಳವಡಿಸಲು ಬೇಕಾಗುವುದು ಒಂದು ಗಂಟೆಗಿಂತ ಕಡಿಮೆ ಹೊತ್ತು. ಅದಕ್ಕೆ ಪರವಾನಗಿ ಶುಲ್ಕವಿಲ್ಲದ ಕಾರಣ ಮಗು ಅದೇ ಪೆನ್‌ಡ್ರೈವನ್ನು ಮನೆಗೆ ತಂದು ಅಣ್ಣನ ಹಳೆಯ ಲ್ಯಾಪ್‌ಟಾಪಿಗೂ ಹಾಕಬಹುದು. ಹಾಕುವ ಮೊದಲು ಅದರಲ್ಲಿರುವ ಮದುವೆ ಫೋಟೊಗಳನ್ನು ಬೇರೆ ಕಡೆ ಉಳಿಸಿಕೊಳ್ಳುವಂತೆ ಹೇಳಿ. ಇಲ್ಲದಿದ್ದರೆ ಕ್ಲಬ್ಬಿಗೆ ಕೆಟ್ಟ ಹೆಸರು!

ಎರಡನೆಯದು ಕನ್ನಡ ಟೈಪಿಂಗ್. ಇದನ್ನು ಹಗುರವಾಗಿ ಕಾಣಬೇಡಿ. ಲಿನಕ್ಸಿನ ಕೀಲಿಮಣೆ ಆಯ್ಕೆಗಳಲ್ಲಿ ‘ಕನ್ನಡ (ಕಗಪ)’ ಎಂಬುದು ಇದ್ದೇ ಇದೆ. ನುಡಿ ತಂತ್ರಾಂಶ ಬಳಸಿದವರಿಗೆ ಅದು ಪರಿಚಿತ ವಿನ್ಯಾಸ. ಅದರ ಹಿಂದಿರುವವರು ನಮ್ಮ ನೆರೆಯ ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್. ಈ ಸಂಗತಿಯನ್ನು ಮಕ್ಕಳಿಗೆ ಹೇಳಿ, ಕೀಲಿಮಣೆಯ ಮೇಲಿನ ಅವರ ಭಯ ಅರ್ಧ ಇಳಿಯುತ್ತದೆ. ಕೆಲವು ವಾರ ದಿನಕ್ಕೆ ಹದಿನೈದು ನಿಮಿಷ ಅಭ್ಯಾಸ ಮಾಡಿದ ಮಗು ಒತ್ತಕ್ಷರವನ್ನೂ ತಡವರಿಸದೆ ಹಾಕುತ್ತದೆ. ಆಮೇಲೆ ಅದಕ್ಕೊಂದು ನಿಜವಾದ ಕೆಲಸ ಕೊಡಿ. ನಮ್ಮ ಶಾಲೆಗಳಲ್ಲಿ ಹಳೆಯ ಸ್ಮರಣ ಸಂಚಿಕೆ, ಪ್ರಶ್ನೆಪತ್ರಿಕೆ, ನಾಟಕಗಳು ಯುನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಉಳಿದಿವೆ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣದು, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನ್ನು ಯುನಿಕೋಡಿಗೆ ತಿರುಗಿಸುವ ಸಾಧನಗಳೂ ಮುಕ್ತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಉಳಿಯುವ ತಪ್ಪುಗಳನ್ನು ಮಾತ್ರ ಕನ್ನಡ ಚೆನ್ನಾಗಿ ಬಲ್ಲ ಕಣ್ಣೇ ಹಿಡಿಯಬೇಕು. ಈ ಕೆಲಸದಲ್ಲಿ ನಮ್ಮ ಮಕ್ಕಳನ್ನು ಮೀರಿಸುವವರಿಲ್ಲ.

ಪೈಥನ್ ಕಲಿಸುವಾಗಲೂ ಒಂದು ಸಣ್ಣ ಉಪಾಯವಿದೆ. ಪೈಥನ್ನಿನ ಆಜ್ಞೆಗಳು ಇಂಗ್ಲಿಷಿನವು, ನಿಜ. ಆದರೆ ಮಗು ಕೊಡುವ ಹೆಸರುಗಳು ಕನ್ನಡದಲ್ಲಿರಬಹುದು. ‘ಅಂಕ = 40’ ಎಂದು ಬರೆದರೆ ಪೈಥನ್ ಅದನ್ನು ತಕರಾರಿಲ್ಲದೆ ಒಪ್ಪುತ್ತದೆ. ‘ಒಟ್ಟು’, ‘ಸರಾಸರಿ’ ಎಂದು ಹೆಸರಿಟ್ಟು ತನ್ನದೇ ತರಗತಿಯ ಅಂಕಪಟ್ಟಿ ಮಾಡಿದ ಮಗುವಿಗೆ ಪ್ರೋಗ್ರಾಮ್ ಎಂದರೆ ಏನೆಂದು ಮೊದಲ ದಿನವೇ ತಿಳಿಯುತ್ತದೆ. ಇಂಗ್ಲಿಷ್ ಹೆಸರುಗಳಿಗೆ ಮುಂದೆ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಇನ್ನು ಕಿಟ್‌ಗಳ ವಿಷಯ. 2022ರ ಡಿಸೆಂಬರಿನಲ್ಲಿ ಕೇರಳದ ಪ್ರೌಢಶಾಲೆಗಳಿಗೆ 9000 ರೋಬೋಟಿಕ್ ಕಿಟ್‌ಗಳ ವಿತರಣೆ ಆರಂಭವಾಯಿತು. ಅದರಲ್ಲಿ ಆರ್ಡುಯಿನೊ ಎಂಬ ಸಣ್ಣ ಬೋರ್ಡು, ಎಲ್‌ಇಡಿ ದೀಪಗಳು, ಬಜರ್, ಚಿಕ್ಕ ಮೋಟಾರು, ಬೆಳಕನ್ನು ಗುರುತಿಸುವ ಸೆನ್ಸರ್, ತಂತಿಗಳು ಇರುತ್ತವೆ. ಆರ್ಡುಯಿನೊ 2005ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ್ದು. ಅದರ ನಕ್ಷೆಯೂ ಮುಕ್ತ. ಮಕ್ಕಳು ತರಬೇತಿಯಲ್ಲಿ ಟ್ರಾಫಿಕ್ ದೀಪ, ಕತ್ತಲಾದಾಗ ತಾನೇ ಉರಿಯುವ ಬೀದಿದೀಪ, ಎಲೆಕ್ಟ್ರಾನಿಕ್ ದಾಳ ಎಲ್ಲ ಮಾಡುತ್ತಾರೆ. ಒಳ್ಳೆಯದೇ. ಆದರೆ ಟ್ರಾಫಿಕ್ ದೀಪವನ್ನು ದಿನವೂ ನೋಡದ ಹಳ್ಳಿಯ ಮಗುವಿಗೆ ಅದು ಒಂದೇ ದಿನದ ಕುತೂಹಲ. ಕಿಟ್ ಮತ್ತೆ ಡಬ್ಬಿ ಸೇರುತ್ತದೆ. ಮನೆಯ ಅಂಗಳದ ಸಮಸ್ಯೆಯೊಂದನ್ನು ಕೈಗೆತ್ತಿಕೊಂಡರೆ ಕತೆಯೇ ಬೇರೆ.

ನಮ್ಮಲ್ಲಿ ಅಂಗಳದ ಸಮಸ್ಯೆ ಎಂದರೆ ಅಡಿಕೆ. ಕೊಯ್ದ ಅಡಿಕೆ ಒಂದೂವರೆ ತಿಂಗಳು ಬಿಸಿಲಿನಲ್ಲಿ ಒಣಗಬೇಕು. ನಡುರಾತ್ರಿಯಲ್ಲಿ ಅಕಾಲದ ಮಳೆ ಬಂದರೆ ಮನೆಯವರೆಲ್ಲ ಟಾರ್ಪಾಲು ಹಿಡಿದು ಓಡಬೇಕು, ನಿದ್ದೆಯಲ್ಲಿದ್ದರೆ ಮುಗಿಯಿತು. ಹನಿ ಬಿದ್ದೊಡನೆ ಕೂಗುವ ಒಂದು ಗಂಟೆ ಇದ್ದರೆ? ಇದಕ್ಕೆ ಮೊದಲ ಹಂತದಲ್ಲಿ ಆರ್ಡುಯಿನೊ ಕೂಡ ಬೇಡ. ತಾಮ್ರದ ಎರಡು ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಹತ್ತಿರ ಹತ್ತಿರ ಅಂಟಿಸಿ. ಮಳೆಯ ಹನಿ ಎರಡರ ನಡುವೆ ಬಿದ್ದರೆ ಅದರ ಮೂಲಕ ತುಸುವೇ ತುಸು ವಿದ್ಯುತ್ ಹರಿಯುತ್ತದೆ. ಅಷ್ಟು ಸಣ್ಣ ವಿದ್ಯುತ್ತಿಗೆ ಬಜರ್ ಕೂಗದು. ನಡುವೆ ಕೆಲವೇ ರೂಪಾಯಿಯ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ರೆಸಿಸ್ಟರ್ ಇಟ್ಟರೆ ಅದು ಸಣ್ಣ ವಿದ್ಯುತ್ತಿನ ಸನ್ನೆ ಹಿಡಿದು ಬಜರಿನ ದಾರಿ ತೆರೆಯುತ್ತದೆ. 9 ವೋಲ್ಟಿನ ಬ್ಯಾಟರಿ ಸಾಕು. ಒಂದು ಮಧ್ಯಾಹ್ನದ ಕೆಲಸ, ಮತ್ತು ಮನೆಯ ವಿದ್ಯುತ್ ಲೈನನ್ನು ಎಲ್ಲಿಯೂ ಮುಟ್ಟುವುದಿಲ್ಲವಾದ್ದರಿಂದ ಹೆದರಿಕೆಯೂ ಇಲ್ಲ.

ನಿಜವಾದ ಪಾಠ ಶುರುವಾಗುವುದು ಅದನ್ನು ಅಂಗಳದಲ್ಲಿಟ್ಟ ಮೇಲೆ. ಡಿಸೆಂಬರಿನ ಬೆಳಗ್ಗೆ ನಾಲ್ಕು ಗಂಟೆಗೆ ಮಳೆಯೇ ಇಲ್ಲದೆ ಬಜರ್ ಕೂಗುತ್ತದೆ. ಮಂಜಿನ ಹನಿ! ಅಜ್ಜನಿಗೆ ಸಿಟ್ಟು, ಮಗುವಿಗೆ ಯೋಚನೆ. ಈಗ ಆರ್ಡುಯಿನೊ ಬೇಕು. ಅದು ಪಟ್ಟಿಗಳ ನಡುವಿನ ಒದ್ದೆಯನ್ನು ‘ಇದೆ’, ‘ಇಲ್ಲ’ ಎಂದಷ್ಟೇ ನೋಡದೆ 0ರಿಂದ 1023ರ ವರೆಗಿನ ಅಂಕಿಯಾಗಿ ಅಳೆಯುತ್ತದೆ. ಮಂಜಿಗೆ ಎಷ್ಟು ಬರುತ್ತದೆ, ಮಳೆಗೆ ಎಷ್ಟು ಬರುತ್ತದೆ ಎಂದು ನಾಲ್ಕು ದಿನ ಬರೆದಿಟ್ಟುಕೊಂಡು ನಡುವೆ ಒಂದು ಗೆರೆ ಹಾಕಬೇಕು. ಎರಡು ವಾರ ಕಳೆಯುವಷ್ಟರಲ್ಲಿ ತಾಮ್ರದ ಪಟ್ಟಿ ಹಸಿರುಗಟ್ಟಿ ಕೆಲಸ ನಿಲ್ಲಿಸಬಹುದು. ಒದ್ದೆಯಾದ ಲೋಹದಲ್ಲಿ ಸದಾ ವಿದ್ಯುತ್ ಹರಿದರೆ ಹೀಗಾಗುತ್ತದೆ. ಹಾಗಿದ್ದರೆ ಸದಾ ಯಾಕೆ ಹರಿಸಬೇಕು, ಕೆಲವು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಹರಿಸಿ ನೋಡಿದರಾಗದೇ? ಪ್ರೋಗ್ರಾಮಿನಲ್ಲಿ ಎರಡು ಸಾಲು ಬದಲಾಯಿಸಿದರೆ ಪಟ್ಟಿಯ ಆಯುಷ್ಯ ಹೆಚ್ಚುತ್ತದೆ. ರಸಾಯನಶಾಸ್ತ್ರ, ಗಣಿತ, ಪ್ರೋಗ್ರಾಮಿಂಗ್ ಮೂರೂ ಒಂದೇ ಅಂಗಳದಲ್ಲಿ ಕೂಡಿದವು. ಈ ಕೆಲಸದಲ್ಲಿ ಎಲ್ಲಿಯೂ ಕನ್ನಡ ಮಾಧ್ಯಮ ಅಡ್ಡ ಬರಲಿಲ್ಲ ಎಂಬುದನ್ನು ಗಮನಿಸಿ. ಅಡಿಕೆಯ ಬಗ್ಗೆ ಇನ್ನೂ ತಿಳಿಯಬೇಕೆಂದರೆ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ನಾವು ಸಿಪಿಸಿಆರ್‌ಐ ಎನ್ನುವ ಸಂಸ್ಥೆ, ಕಾಸರಗೋಡಿನಲ್ಲೇ ಇದೆ. ಕ್ಲಬ್ಬಿನಿಂದ ಒಂದು ಭೇಟಿ ಏರ್ಪಡಿಸಲು ಮುಖ್ಯೋಪಾಧ್ಯಾಯರನ್ನು ಕೇಳಬಹುದು.

ಕ್ಲಬ್ಬು ಶಾಲೆಯ ಗೋಡೆ ದಾಟಿ ಊರಿಗೆ ಬರದಿದ್ದರೆ ಮತ್ತೆ ಮಲಗುತ್ತದೆ. ಇದಕ್ಕೆ ದಾರಿ ಆಗಲೇ ಇದೆ. 2022ರ ಮೇ ತಿಂಗಳಲ್ಲಿ ಕೇರಳದಾದ್ಯಂತ ಲಿಟಲ್ ಕೈಟ್ಸ್ ಮಕ್ಕಳು ತಾಯಂದಿರಿಗೆ ಸೈಬರ್ ಸುರಕ್ಷತೆಯ ತರಗತಿ ನಡೆಸಿದರು. ಕಲಿಸಿದವರು ಮಕ್ಕಳು, ಕಲಿತವರು ಅಮ್ಮಂದಿರು. ಅದನ್ನು ನಿಮ್ಮ ಶಾಲೆಯ ಮಾತೃಸಂಘ ಪ್ರತಿ ವರ್ಷ ನಡೆಸಬಹುದು, ಮತ್ತು ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ನಡೆಸಬಹುದು. ವಾಟ್ಸಾಪಿನಲ್ಲಿ ಬರುವ ಮದುವೆ ಕಾಗದದ ಹೆಸರಿನ ಕಳ್ಳ ಆ್ಯಪ್, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವ ಕರೆ, ಹಣ ಬರುತ್ತದೆಂದು ಯುಪಿಐ ಪಿನ್ ಕೇಳುವ ಮೋಸ, ಇವನ್ನೆಲ್ಲ ಮನೆಮಾತಿನಲ್ಲಿ ವಿವರಿಸಿದರೆ ಅಜ್ಜಿಗೂ ತಿಳಿಯುತ್ತದೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಪ್ರತಿ ಮನೆಯ ಗೋಡೆಯಲ್ಲಿ ಮಕ್ಕಳ ಕೈಯಿಂದಲೇ ಬರೆಸಿ.

ಹತ್ತಿರದ ಎಲ್‌ಪಿ ಶಾಲೆಗೆ ಹೋಗುವುದು ಇದಕ್ಕಿಂತಲೂ ಮುಖ್ಯವೆಂದು ನನಗನಿಸುತ್ತದೆ. ತಿಂಗಳಿಗೊಂದು ಮಧ್ಯಾಹ್ನ ಹೈಸ್ಕೂಲಿನ ನಾಲ್ಕು ಮಕ್ಕಳು ಎರಡು ಲ್ಯಾಪ್‌ಟಾಪ್ ಹಿಡಿದು ಹೋಗಲಿ. ಟಕ್ಸ್‌ಪೇಂಟ್‌ನಲ್ಲಿ ಚಿತ್ರ ಬಿಡಿಸುವುದು, ಜಿಕಾಂಪ್ರಿಯಲ್ಲಿ ಲೆಕ್ಕದ ಆಟ ಆಡುವುದು, ಎರಡೂ ಸ್ವತಂತ್ರ ತಂತ್ರಾಂಶಗಳೇ. ಮೂರನೇ ತರಗತಿಯ ಪುಟ್ಟ ಅಂದು ಮನೆಗೆ ಹೋಗಿ ಏನು ಹೇಳುತ್ತಾನೆ? “ಅಮ್ಮ, ದೊಡ್ಡ ಶಾಲೆಯ ಅಕ್ಕ ಕಂಪ್ಯೂಟರ್ ಕಲಿಸಿದಳು, ಕನ್ನಡದಲ್ಲೇ.” ಆರನೇ ಅಧ್ಯಯನ ದಿನದ ಎಣಿಕೆಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಯಾವ ಫ್ಲೆಕ್ಸ್‌ನಿಂದಲೂ ಆಗದು.

ಬರೆಯುವ ಆಸಕ್ತಿಯಿದ್ದವರಿಗೆ ವಿಕಿಪೀಡಿಯ ಇದೆ. ಕನ್ನಡದ್ದು 2003ರಿಂದ ಇದೆ, ತುಳುವಿನದು 2016ರಲ್ಲಿ ಆರಂಭವಾಯಿತು. ತಮ್ಮ ಊರಿನ ಕೋಟೆ, ಹೊಳೆ, ಭೂತಸ್ಥಾನ, ಮಸೀದಿಯ ಬಗ್ಗೆ ಆಧಾರ ಸಹಿತ ನಾಲ್ಕು ಸಾಲು ಸೇರಿಸಲಿ. ಅಂದಹಾಗೆ ತುಳು-ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನಲ್ಲಿ ಸ್ಥಾನ ಸಿಕ್ಕಿದೆ. ಹಳೆಯ ತಾಳೆಗರಿ ಇರುವ ಮನೆಯ ಮಕ್ಕಳಿಗೆ ಇದನ್ನು ತಪ್ಪದೆ ತಿಳಿಸಿ.

ಹೆತ್ತವರಾಗಿ ನೀವು ಎಲ್ಲಿಂದ ಆರಂಭಿಸಬೇಕು? ಮುಂದಿನ ಪಿಟಿಎ ಸಭೆಯಿಂದ. ಅಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಊಟ, ಬಸ್ಸು, ಕಾಂಪೌಂಡ್ ಗೋಡೆ ಇಷ್ಟರಲ್ಲೇ ಹೊತ್ತು ಮುಗಿಯುತ್ತದೆ. ನೀವು ಎದ್ದು ನಿಂತು ವಿನಯದಿಂದಲೇ ಕೇಳಿ: ಕ್ಲಬ್ಬಿನ ವಾರದ ತರಗತಿ ಯಾವ ದಿನ? ಕಿಟ್‌ಗಳು ಎಷ್ಟು, ಎಲ್ಲಿವೆ? ತರಬೇತಿಯ ಸಾಮಗ್ರಿ ಕನ್ನಡದಲ್ಲಿ ಸಿಗುತ್ತಿದೆಯೇ? ಸಿಗದಿದ್ದರೆ ಕೈಟ್‌ನ ಜಿಲ್ಲಾ ಕಚೇರಿಗೆ ಪಿಟಿಎ ಹೆಸರಿನಲ್ಲಿ ಒಂದು ಮನವಿ ಕಳುಹಿಸೋಣವೇ? ಅಭಿರುಚಿ ಪರೀಕ್ಷೆಗೆ ಕನ್ನಡದ ಮಾದರಿ ಪ್ರಶ್ನೆಗಳನ್ನು ಮುಂಚಿತವಾಗಿ ಕೊಡುತ್ತೀರಾ? ಅಧ್ಯಾಪಕರನ್ನು ಇಕ್ಕಟ್ಟಿಗೆ ಸಿಲುಕಿಸುವ ದನಿಯಲ್ಲಿ ಕೇಳಬೇಡಿ. ಹೊಣೆ ಹೊತ್ತ ಟೀಚರಿಗೆ ಪಾಠ, ಪರೀಕ್ಷೆ, ಸಮೀಕ್ಷೆ ಎಲ್ಲವೂ ಇರುತ್ತದೆ. ಶನಿವಾರ ಎರಡು ಗಂಟೆ ಲ್ಯಾಬಿನಲ್ಲಿ ಕೂರಲು ನಾವು ಇಬ್ಬರು ಬರುತ್ತೇವೆ ಎಂದು ಹೇಳಿದರೆ ಅವರಿಗೂ ಧೈರ್ಯ. ಮಲಯಾಳ ಓದಬಲ್ಲ ಹೆತ್ತವರು, ಪ್ಲಸ್ ಟು ಮುಗಿಸಿದ ಹಳೆ ವಿದ್ಯಾರ್ಥಿಗಳು ನಮ್ಮಲ್ಲಿ ಧಾರಾಳ ಇದ್ದಾರೆ. ತರಬೇತಿಯ ಒಂದೊಂದು ಅಧ್ಯಾಯವನ್ನು ಒಬ್ಬೊಬ್ಬರು ಕನ್ನಡಕ್ಕೆ ತಂದರೆ ಒಂದು ವರ್ಷದಲ್ಲಿ ಇಡೀ ಹೊತ್ತಗೆ ಸಿದ್ಧ. ಪಕ್ಕದ ಶಾಲೆಗೂ ಕೊಡಿ, ಅವರೂ ಅದನ್ನೇ ಕಾಯುತ್ತಿರುತ್ತಾರೆ.

ಕೇರಳದ ಹೊರಗಿನ ಗಡಿನಾಡ ಓದುಗರು ನಮಗೆ ಇಂಥ ಕ್ಲಬ್ಬೇ ಇಲ್ಲವಲ್ಲ ಎಂದಾರು. ಹೊಸೂರು, ತಾಳವಾಡಿಯ ಮನೆಗಳಲ್ಲಿ ತಮಿಳುನಾಡು ಸರಕಾರ 2011ರಿಂದ ವಿದ್ಯಾರ್ಥಿಗಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪುಗಳು ಮೂಲೆ ಸೇರಿರುತ್ತವೆ. ಅವುಗಳಲ್ಲಿ ‘ಬಾಸ್’ ಎಂಬ ಭಾರತೀಯ ಲಿನಕ್ಸ್ ಕೂಡ ಇತ್ತು. ಅದೇ ರಾಜ್ಯದ ವಿಳುಪ್ಪುರಂನಲ್ಲಿ ಗ್ನೂ/ಲಿನಕ್ಸ್ ಬಳಕೆದಾರರ ಗುಂಪೊಂದು ಹಳ್ಳಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಕಲಿಸುತ್ತಾ ಬಂದಿದೆ. ಸರಕಾರದ ಆದೇಶಕ್ಕೆ ಅವರು ಕಾಯಲಿಲ್ಲ. ಅಕ್ಕಲಕೋಟೆ, ಜತ್ತ, ಆದೋನಿ, ಮಡಕಶಿರದ ಕನ್ನಡ ಶಾಲೆಗಳಲ್ಲೂ ಆರಂಭಕ್ಕೆ ಬೇಕಾಗುವುದು ಒಂದು ಹಳೆಯ ಕಂಪ್ಯೂಟರ್, ಒಂದು ಪೆನ್‌ಡ್ರೈವ್ ಮತ್ತು ವಾರಕ್ಕೆ ಎರಡು ಗಂಟೆ ಕೊಡಬಲ್ಲ ಒಬ್ಬ ದೊಡ್ಡವರು.

ದಿನ ಗೊತ್ತು ಮಾಡಿಕೊಳ್ಳಲು ಒಂದು ನೆಪವೂ ಇದೆ. ಸೆಪ್ಟೆಂಬರಿನ ಮೂರನೇ ಶನಿವಾರ ಸ್ವತಂತ್ರ ತಂತ್ರಾಂಶ ದಿನವೆಂದು ಜಗತ್ತಿನ ಅನೇಕ ಕಡೆ ಆಚರಿಸುತ್ತಾರೆ. ಅಷ್ಟರಲ್ಲಿ ನಮ್ಮ ಕಡೆ ಮಳೆಯ ಜೋರು ಇಳಿದು, ಓಣಂ ರಜೆ ಕಳೆದು ಪಾಠಗಳು ಹಳಿಗೆ ಬಂದಿರುತ್ತವೆ. ಅಡಿಕೆ ಅಂಗಳಕ್ಕೆ ಬರಲು ಇನ್ನೂ ಒಂದೆರಡು ತಿಂಗಳಿರುತ್ತದೆ, ಬಜರ್ ಸಿದ್ಧಪಡಿಸಲು ಅಷ್ಟು ಸಮಯ ಸಾಕು.